ಭಾನುವಾರದ ರೆಕಾರ್ಡ್ ಅದಲುಬದಲು: ಪ್ಲೇಟು ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ,

ಈ ಭಾನುವಾರ ಮಧ್ಯಾಹ್ನ 3ಕ್ಕೆ, ಮ್ಯಾಂಚೆಸ್ಟರಿನ ನಮ್ಮ ಮಾಮೂಲಿ ಹಾಲ್‌ನಲ್ಲಿ ನಾರ್ದರ್ನ್ ಸೋಲ್ (ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಕುಣಿಯಲು ಹಾಕುತ್ತಿದ್ದ ಅಮೆರಿಕದ ಹಳೆಯ ಸೋಲ್ ಸಂಗೀತ) ರೆಕಾರ್ಡುಗಳ ಅದಲುಬದಲು ಇದೆ. ಬರೀ ಕೇಳಲು, ಕುಣಿಯಲು ಬರುವವರು ಹಾಗೇ ಬನ್ನಿ. ಪ್ಲೇಟು, ಅಂದರೆ ರೆಕಾರ್ಡು, ತರುವವರು ದಯವಿಟ್ಟು ಮುಂದೆ ಓದಿ.

ಅಮೆರಿಕದ 45ಗಳ (ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ಪ್ಲೇಟುಗಳು) ನಡುವಿನ ತೂತು ದೊಡ್ಡದು, ಅಡಾಪ್ಟರ್ ಜೊತೆಗಿರಲಿ. ಅವುಗಳಲ್ಲಿ ಎಷ್ಟೋ ವಿನೈಲ್ ಅಲ್ಲ, ಸ್ಟೈರೀನ್ ಎಂಬ ಬೇರೆ ಪ್ಲಾಸ್ಟಿಕ್. ಸವೆದ ಸೂಜಿ ತಾಗಿದರೆ ಬೇಗ ಹಾಳಾಗುತ್ತವೆ. ಅದಕ್ಕೇ ಹೊಸ ಸೂಜಿ ಇರುವ ಒಂದು ಪ್ಲೇಯರ್ ಮಾತ್ರ ಇಡುತ್ತೇವೆ.

ಮರುಮುದ್ರಣವಾದರೆ ಕವರಿನ ಮೇಲೆ ಹಾಗೆಂದೇ ಬರೆಯಿರಿ. ಇದರಲ್ಲಿ ಮುಲಾಜಿಲ್ಲ. ಸೋಲ್ ಗಾಯಕ ಫ್ರಾಂಕ್ ವಿಲ್ಸನ್ ಅವರ 1965ರ ಪ್ಲೇಟೊಂದು 2009ರಲ್ಲಿ 25 ಸಾವಿರ ಪೌಂಡ್‌ಗೂ ಮೇಲೆ ಹೋಯಿತು. ಅಂಥ ಬೆಲೆ ಇರುವ ಕಡೆ ನಕಲಿ ಹುಟ್ಟದೆ ಇರುತ್ತದೆಯೇ? ಅನುಮಾನವಿದ್ದರೆ ಲೇಬಲ್ ಸುತ್ತಲಿನ ಖಾಲಿ ಅಂಚಿನಲ್ಲಿ ಕೆತ್ತಿರುವ ಸಂಖ್ಯೆಯ ಫೋಟೋ ತೆಗೆದು ಇಲ್ಲಿ ಹಾಕಿ, ಬಲ್ಲವರು ಹೇಳುತ್ತಾರೆ. ಹಿಂದೆ ಡಿಜೆಗಳು ಯಾವ ಹಾಡೆಂದು ಬೇರೆ ಡಿಜೆಗಳಿಗೆ ತಿಳಿಯದಿರಲೆಂದು ಲೇಬಲ್ ಮುಚ್ಚಿ ಸುಳ್ಳು ಹೆಸರು ಕೊಡುತ್ತಿದ್ದರಲ್ಲ, ಆ ಆಟ ನಮ್ಮಲ್ಲಿ ಬೇಡ.

ಇನ್ನೊಂದು, ಕುಣಿಯುವವರಿಗೆ: ಕಾಲು ಸಲೀಸಾಗಿ ಜಾರಲೆಂದು ನೆಲಕ್ಕೆ ಟಾಲ್ಕಂ ಪೌಡರ್ ಹಾಕಬೇಡಿ. ಸಂಪ್ರದಾಯವೇನೋ ಹೌದು, ಆದರೆ ಹಾಲ್‌ನವರು ಒಪ್ಪುತ್ತಿಲ್ಲ.

ಹಿಂದೆ ನಾರ್ದರ್ನ್ ಸೋಲ್‌ಗೆ ಹೆಸರಾಗಿದ್ದ ವಿಗನ್ ಕ್ಯಾಸಿನೋ ಎಂಬ ಕ್ಲಬ್ಬಿನಲ್ಲಿ ರಾತ್ರಿಯಿಡೀ ಕುಣಿದು ಬೆಳಿಗ್ಗೆ 8ಕ್ಕೆ ಮುನ್ನ ಅವೇ ಮೂರು ಹಾಡು ಹಾಕಿ ಮುಗಿಸುತ್ತಿದ್ದರು. ನಮ್ಮದೂ ಹಾಗೇ, ಆದರೆ ಸಂಜೆ 7ಕ್ಕೆ!

ಎಷ್ಟು ಪ್ಲೇಟು ತರುತ್ತೀರಿ, ಮೇಜು ಬೇಕೇ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.