ಆ ಪ್ರಶ್ನೆಯನ್ನು ಇನ್ನೊಮ್ಮೆ ಬರೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ರಸ್ತೆ ಅಗಲ ಮಾಡುವ ಬಗ್ಗೆ ನೀವು ಹಂಚಿಸಿದ ಸಮೀಕ್ಷೆಯ ಹಾಳೆ ನಮ್ಮ ಮನೆಗೂ ಬಂತು. ಕೆಲಸ ಶುರುವಾಗುವ ಮೊದಲೇ ಜನರನ್ನು ಕೇಳಬೇಕು ಅಂತ ನಿಮಗೆ ಅನಿಸಿತಲ್ಲ, ಅದು ನಿಜಕ್ಕೂ ಖುಷಿಯ ವಿಷಯ. ಆದರೆ ಮೊದಲ ಪ್ರಶ್ನೆ ಓದಿ ಪೆನ್ನು ಕೆಳಗಿಟ್ಟೆ. "ದಿನನಿತ್ಯದ ಟ್ರಾಫಿಕ್ ಕಿರಿಕಿರಿ ತಪ್ಪಿಸಲು ರಸ್ತೆ ಅಗಲೀಕರಣ ಅಗತ್ಯ ಎಂಬುದನ್ನು ಒಪ್ಪುತ್ತೀರಾ?" ಕಿರಿಕಿರಿ ಇರಲಿ ಅಂತ ಯಾರು ಹೇಳುತ್ತಾರೆ? ಮರಗಳು ಹೋಗುತ್ತವೆ, ಕೆಲವು ಮನೆಗಳ ಮುಂಭಾಗ ಒಡೆಯಬೇಕಾಗುತ್ತದೆ ಅನ್ನೋದು ಮಾತ್ರ ಹಾಳೆಯಲ್ಲಿ ಎಲ್ಲೂ ಇಲ್ಲ.

ನಾನು ಕೆಲವು ವರ್ಷ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದವಳು. ಬಾಗಿಲಲ್ಲಿ ನಿಂತವರಿಗೆ ನೂರು ಕೆಲಸ. ಒಳಗೆ ಮಗು ಅಳುತ್ತಿರುತ್ತದೆ, ಫೋನ್ ಬಡಿದುಕೊಳ್ಳುತ್ತಿರುತ್ತದೆ. "ಒಪ್ಪುತ್ತೀರಾ" ಅಂತ ಕೇಳಿದರೆ ಅರ್ಧ ಕೇಳಿಸಿಕೊಂಡೇ "ಹೂಂ, ಹಾಗೇ ಬರ್ಕೊಳ್ಳಿ" ಅಂದುಬಿಡುತ್ತಾರೆ. ಬಂದವರಿಗೆ ಎದುರು ಹೇಳಲು ಸಂಕೋಚ ಬೇರೆ. ಅಂಥ ಎಷ್ಟೋ "ಹೂಂ"ಗಳನ್ನು ನಾನೇ ಬರೆದುಕೊಂಡಿದ್ದೇನೆ. ಅವನ್ನು ಜನರ ಅಭಿಪ್ರಾಯ ಅನ್ನಲು ಈಗ ಮನಸ್ಸು ಒಪ್ಪುವುದಿಲ್ಲ.

ಒಂದು ಪದ ಬದಲಾದರೂ ಉತ್ತರ ಬದಲಾಗುತ್ತದೆ. ಅಮೆರಿಕದ ಡೊನಾಲ್ಡ್ ರಗ್ ಎಂಬ ಸಂಶೋಧಕರು 1941ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡಲು ಅವಕಾಶ ಕೊಡಬೇಕೇ ಅಂತ ಕೆಲವರಿಗೆ, ಅಂಥ ಭಾಷಣ ನಿಷೇಧಿಸಬೇಕೇ ಅಂತ ಇನ್ನು ಕೆಲವರಿಗೆ ಕೇಳಿದರು. ಗೊತ್ತಿಲ್ಲ ಅಂದವರನ್ನು ಬಿಟ್ಟರೆ, ಅವಕಾಶ ಕೊಡಬಾರದು ಅಂದವರು ಶೇ 75. ನಿಷೇಧಿಸಬೇಕು ಅಂದವರು ಶೇ 54 ಮಾತ್ರ. ಎರಡೂ ಒಂದೇ ಮಾತು ಅಲ್ವಾ? "ನಿಷೇಧ" ಅನ್ನುವ ಪದ ಗಡಸಾಗಿ ಕೇಳಿಸಿತು, ಜನ ಹಿಂದೆ ಸರಿದರು.

ಏನು ಕಳೆದುಕೊಳ್ಳಬೇಕಾಗುತ್ತದೆ ಅಂತ ಹೇಳದೆ ಕೇಳೋದು ಇದಕ್ಕಿಂತ ಜಾಸ್ತಿ ಹಾನಿ. 2003ರ ಜನವರಿಯಲ್ಲಿ ಪ್ಯೂ ಸಂಶೋಧನಾ ಕೇಂದ್ರ ಅಮೆರಿಕನ್ನರನ್ನು ಕೇಳಿದಾಗ, ಸದ್ದಾಂ ಆಡಳಿತ ಕೊನೆಗಾಣಿಸಲು ಇರಾಕ್ ಮೇಲೆ ಸೇನಾ ಕಾರ್ಯಾಚರಣೆ ಬೇಕು ಅಂದವರು ಶೇ 68. ಅಮೆರಿಕದ ಸೈನಿಕರಲ್ಲಿ ಸಾವಿರಾರು ಸಾವುನೋವು ಆದರೂ ಬೇಕೇ ಅಂತ ಸೇರಿಸಿ ಕೇಳಿದಾಗ ಅದು ಶೇ 43ಕ್ಕೆ ಇಳಿಯಿತು. ನಿಮ್ಮ ಹಾಳೆಯಲ್ಲಿ ಬಿಟ್ಟುಹೋಗಿರುವುದೂ ಅಂಥದ್ದೇ ಸಾಲು.

ಇನ್ನು ನಾಲ್ಕನೇ ಪ್ರಶ್ನೆ. "ಕಾಮಗಾರಿ ತಡವಾಗಬಾರದು ಎಂಬುದನ್ನು ಒಪ್ಪುವುದಿಲ್ಲವೇ?" ಇದಕ್ಕೆ "ಹೌದು" ಅಂದರೆ ಒಪ್ಪುತ್ತೇನೆ ಅಂತಲೋ, ಒಪ್ಪುವುದಿಲ್ಲ ಅಂತಲೋ? ಮೂರು ಸಲ ಓದಿದರೂ ನನಗೆ ತಿಳಿಯಲಿಲ್ಲ.

ಪ್ರಶ್ನೆ ತಿದ್ದೋದು ಅವಮಾನ ಏನಲ್ಲ ಸರ್. ಸ್ಕಾಟ್‌ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ಒಪ್ಪುತ್ತೀರಾ ಅಂತ ಅಲ್ಲಿನ ಸರ್ಕಾರ ಜನಮತಗಣನೆಗೆ ಪ್ರಶ್ನೆ ಬರೆದಿತ್ತು. ಬ್ರಿಟನ್ನಿನ ಚುನಾವಣಾ ಆಯೋಗ ಅದನ್ನು ಜನರ ಮುಂದಿಟ್ಟು ಪರೀಕ್ಷಿಸಿತು. "ಒಪ್ಪುತ್ತೀರಾ" ಅನ್ನೋದು ಜನರನ್ನು ಹೌದು ಕಡೆಗೆ ಎಳೆಯಬಹುದು ಅಂತ 2013ರಲ್ಲಿ ಹೇಳಿತು. ಸರ್ಕಾರ ಒಪ್ಪಿಕೊಂಡಿತು. 2014ರ ಮತಪತ್ರದಲ್ಲಿ ಇದ್ದದ್ದು "ಸ್ಕಾಟ್‌ಲೆಂಡ್ ಸ್ವತಂತ್ರ ದೇಶವಾಗಬೇಕೇ?" ಅಷ್ಟೇ.

ನೀವೂ ಹಾಗೇ ಮಾಡಿ. "ರಸ್ತೆ ಅಗಲ ಮಾಡಿದರೆ ಓಡಾಟ ಸುಲಭವಾಗಬಹುದು. ಅದಕ್ಕಾಗಿ ಇಷ್ಟು ಮರ ಕಡಿಯಬೇಕು, ಇಷ್ಟು ಮನೆಗಳ ಜಾಗ ಹೋಗುತ್ತದೆ. ರಸ್ತೆ ಅಗಲ ಮಾಡಬೇಕೇ, ಈಗಿರುವಂತೆಯೇ ಬಿಡಬೇಕೇ?" ಅಂತ ಕೇಳಿಸಿ. "ಇನ್ನೂ ತೀರ್ಮಾನಿಸಿಲ್ಲ" ಅನ್ನುವವರಿಗೂ ಒಂದು ಖಾನೆ ಇರಲಿ. ಹಂಚುವ ಮೊದಲು ಇಪ್ಪತ್ತು ಜನರಿಗೆ ತೋರಿಸಿ, ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಹೇಳಿಸಿ. ಫಲಿತಾಂಶ ಹೇಳುವಾಗ ಪ್ರಶ್ನೆಯನ್ನೂ ಅಕ್ಷರಶಃ ಪ್ರಕಟಿಸಿ.

ಹೊಸ ಹಾಳೆ ಬಂದರೆ ನಮ್ಮ ಬೀದಿಯ ಮನೆಗಳಿಗೆ ನಾನೇ ಹೋಗಿ ಬರುತ್ತೇನೆ. ಈಗಿನದನ್ನು ತುಂಬದೆ ಹಾಗೇ ಇಟ್ಟಿದ್ದೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು