ಝೋರ್ಕಿ ಹಿಡಿದುಕೊಂಡೇ ಕಂಬಳಕ್ಕೆ ಬಾ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಸೋದರಮಾವನ ಟ್ರಂಕಿನಲ್ಲಿದ್ದ ಹಳೆಯ ರಷ್ಯನ್ ಫಿಲ್ಮ್ ಕ್ಯಾಮೆರಾ ಝೋರ್ಕಿ-4 ಈಗ ನಿನ್ನದು, ಶಟರ್ ಕೂಡ ಸರಿಯಾಗಿ ಓಡ್ತಿದೆ ಅಂದೆಯಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಅದರಲ್ಲಿ ಕಂಬಳ ತೆಗೆಯೋಕಾಗುತ್ತಾ, ಇಲ್ಲ ಸುಮ್ನೆ ಡಿಜಿಟಲ್ ತರಲಾ ಅಂತ ಕೇಳಿದ್ದೀಯ. ಝೋರ್ಕಿಯನ್ನೇ ತಾ ಮಾರಾಯ. ಡಿಜಿಟಲ್ ಮನೆಯಲ್ಲಿರಲಿ.

ಆಟೋಫೋಕಸ್ ಇಲ್ಲ, ಮೋಟಾರ್ ಇಲ್ಲ, ಉದ್ದ ಲೆನ್ಸ್ ಇಲ್ಲ, ಇದರಲ್ಲಿ ಕ್ರೀಡೆ ಹೇಗೆ ಅನ್ನುವುದು ನಿನ್ನ ಅನುಮಾನ. ಇಂಥ ರೇಂಜ್‌ಫೈಂಡರ್ ಕ್ಯಾಮೆರಾಗಳು ಆಟದ ಮೈದಾನದಲ್ಲೇ ಬೆಳೆದವು ಕಣೋ. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಝೈಸ್‌ನವರು ಕಾಂಟ್ಯಾಕ್ಸ್ ರೇಂಜ್‌ಫೈಂಡರ್‌ಗೆ 180 ಎಂಎಂ ಎಫ್/2.8 ಲೆನ್ಸ್ ಮಾಡಿದ್ದರು. ಅದಕ್ಕೆ ಒಲಿಂಪಿಯಾ ಸೊನ್ನಾರ್ ಅಂತಲೇ ಹೆಸರು. 1957ರ ನಿಕಾನ್ ಎಸ್‌ಪಿಗೆ ಮೋಟಾರ್ ಜೋಡಿಸಿದರೆ ಸೆಕೆಂಡಿಗೆ ಮೂರು ಫೋಟೋ ಬರುತ್ತಿತ್ತು. 1959ರಲ್ಲಿ ನಿಕಾನ್ ಎಫ್ ಬಂದಮೇಲೆ ಮೈದಾನದ ಫೋಟೋದವರೆಲ್ಲ ನಿಧಾನವಾಗಿ ಒಳಗಿನ ಕನ್ನಡಿಯಿಂದ ಲೆನ್ಸ್ ಮೂಲಕವೇ ನೋಡುವ ಎಸ್‌ಎಲ್‌ಆರ್ ಕಡೆ ಹೋದರು. ಕಾರಣ ಉದ್ದ ಲೆನ್ಸ್. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯಿಂದ ನೋಡುತ್ತೇವೆ. 135 ಎಂಎಂ ದಾಟಿದರೆ ಅದರ ಫೋಕಸ್ ನಂಬುವುದು ಕಷ್ಟ.

ಹಾಗಾಗಿ ಸ್ಟೇಡಿಯಂ ಕ್ರಿಕೆಟ್ ಮರೆತುಬಿಡು. 70 ಮೀಟರ್ ದೂರದಿಂದ ನಿನ್ನ 50 ಎಂಎಂ ಲೆನ್ಸ್‌ನಲ್ಲಿ ತೆಗೆದರೆ ಬ್ಯಾಟ್ಸ್‌ಮನ್ ಫ್ರೇಮಿನ ಎತ್ತರದ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ ಇರುತ್ತಾನೆ. ಯಾರು ಅಂತ ಅವನ ಅಮ್ಮನಿಗೂ ಗೊತ್ತಾಗಲ್ಲ. ಹತ್ತಿರ ನಿಲ್ಲಲು ಬಿಡುವ ಆಟ ಬೇಕು, ಮುಂದೆ ಎಲ್ಲಿ ಏನಾಗುತ್ತದೆ ಅಂತ ಮೊದಲೇ ಗೊತ್ತಿರುವ ಆಟ ಬೇಕು. ಕಂಬಳದಲ್ಲಿ ಎರಡೂ ಇದೆ. ಕೋಣಗಳು ಕರೆ, ಅಂದರೆ ಓಡುವ ಕೆಸರಿನ ಹಾದಿ, ಬಿಟ್ಟು ಬೇರೆ ಎಲ್ಲಿಗೂ ಹೋಗುವುದಿಲ್ಲ. (ಹೋದರೆ ಫೋಟೋ ಬಿಟ್ಟು ಓಡು.)

ಇನ್ನು ವೇಗ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿನಗೂ ನೆನಪಿರಬೇಕು, ಊರೆಲ್ಲ ಉಸೇನ್ ಬೋಲ್ಟ್ ಉಸೇನ್ ಬೋಲ್ಟ್ ಅಂದಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತೂವರೆ ಮೀಟರ್ ಹತ್ತಿರ. ಅಂದರೆ ಶಟರ್ 1/500 ಸೆಕೆಂಡಿನಲ್ಲಿ ಇಟ್ಟರೆ ಅಷ್ಟರೊಳಗೆ ಕೋಣ ಮುಂದೆ ಹೋಗುವುದು ಎರಡೇ ಸೆಂಟಿಮೀಟರ್. 1/60ರಲ್ಲಾದರೆ ಮುಕ್ಕಾಲು ಗೇಣು. ಅಡ್ಡಕ್ಕೆ ಹಾದು ಹೋಗುವಾಗ 1/500 ಬೇಕೇ ಬೇಕು, ನೇರ ಎದುರಿಗೆ ಬರುವಾಗ 1/250 ಸಾಕಾಗುತ್ತದೆ. ಡಯಲ್ ಮೇಲೆ 1000 ಅಂತ ಇದೆ, ಆದರೆ ಅಷ್ಟು ಹಳೆಯ ಶಟರ್ ಅದನ್ನು ಇನ್ನೂ ನಿಜಕ್ಕೂ ಕೊಡುತ್ತದೆ ಅಂತ ನಾನಂತೂ ನಂಬುವುದಿಲ್ಲ.

ಫೋಕಸ್ ಬಗ್ಗೆ ಜಾಸ್ತಿ ಹೆದರಿದ್ದೀಯ. ಓಡುವ ಕೋಣಕ್ಕೆ ಫೋಕಸ್ ಮಾಡಲು ಹೋಗಲೇಬೇಡ. ಕರೆಯ ಬದಿಯಲ್ಲಿ ಒಂದು ಜಾಗ ಹಿಡಿ. ಎದುರಿಗೆ ಒಂದು ಗುರುತು ನೋಡಿಕೋ, ಕಂಬವೋ ಬಾವುಟದ ಕೋಲೋ ಯಾವುದಾದರೂ ಆಗುತ್ತದೆ. ಕಿಟಕಿಯ ನಡುವಿನ ಚುಕ್ಕೆಯಲ್ಲಿ ಕಾಣುವ ಎರಡು ಬಿಂಬ ಒಂದಾದರೆ ಫೋಕಸ್ ಸರಿ, ಅದಕ್ಕೆ ನೆಟ್ಟಗಿನ ಗೆರೆ ಇದ್ದರೆ ಸುಲಭ. ಒದ್ದೆಯಾದ ಕರಿ ಕೋಣದ ಮೈ ಮೇಲೆ ಆ ಹಳದಿ ಚುಕ್ಕೆ ಇಟ್ಟು ನೋಡು, ಬಿಂಬ ಕೂಡಿತೋ ಇಲ್ಲವೋ ದೇವರಿಗೇ ಗೊತ್ತು. ಓಟ ಶುರುವಾಗುವ ಮೊದಲು ಹತ್ತಿರದಿಂದ ತೆಗೆಯುವಾಗಲೂ ಅಷ್ಟೇ, ಹಣೆಗೆ ಕಟ್ಟಿದ ಅಲಂಕಾರದ ಅಂಚಿಗೋ ನೊಗದ ಅಂಚಿಗೋ ಹಿಡಿ. ಓಡಿಸುವವನ ತಲೆಗೆ ಕಟ್ಟಿದ ಬಟ್ಟೆಯಾದರೂ ಸರಿ.

ಒಮ್ಮೆ 8 ಮೀಟರಿಗೆ ಫೋಕಸ್ ಇಟ್ಟು, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/8 ಮಾಡಿದರೆ ನಾಲ್ಕೂವರೆ ಮೀಟರಿನಿಂದ 30 ಮೀಟರ್ ಆಚೆಯವರೆಗೂ ಎಲ್ಲ ಸ್ಪಷ್ಟ. ಎರಡೂ ಕರೆ ಬಂತು, ಆಚೆ ಬದಿಯ ಜನವೂ ಬಂತು. ಆಮೇಲೆ ಲೆನ್ಸ್ ಮುಟ್ಟುವ ಕೆಲಸವೇ ಇಲ್ಲ. ಕಾಯುವುದಷ್ಟೇ. ಆದರೆ ಕೋಣ ಗುರುತಿನ ಹತ್ತಿರ ಬಂದಮೇಲೆ ಒತ್ತಿದರೆ ತಡವಾಯಿತು. ಕಣ್ಣು ಕಂಡು ಬೆರಳು ಒತ್ತುವುದರೊಳಗೆ ಐದನೇ ಒಂದು ಸೆಕೆಂಡ್ ಹೋಗುತ್ತದೆ, ಅಷ್ಟರಲ್ಲಿ ಅವು ಎರಡು ಮೀಟರ್ ಮುಂದೆ ಇರುತ್ತವೆ. ಮೂಗು ಗುರುತಿಗೆ ಎರಡು ಮೀಟರ್ ಇರುವಾಗಲೇ ಒತ್ತು.

ಈ ವಿಷಯದಲ್ಲಿ ರೇಂಜ್‌ಫೈಂಡರ್‌ಗೆ ಒಂದು ಹೆಚ್ಚುಗಾರಿಕೆ ಇದೆ. ಎಸ್‌ಎಲ್‌ಆರ್‌ನಲ್ಲಿ ಮೊದಲು ಕನ್ನಡಿ ಏಳಬೇಕು, ಆಮೇಲೆ ಶಟರ್. ಫೋಟೋ ಬೀಳುವ ಕ್ಷಣಕ್ಕೆ ಸರಿಯಾಗಿ ಕಣ್ಣ ಮುಂದೆ ಕತ್ತಲೆ. ನಮ್ಮದರಲ್ಲಿ ಕನ್ನಡಿಯೇ ಇಲ್ಲ. ಒತ್ತಿದ ಕ್ಷಣವನ್ನು ಕಣ್ಣಾರೆ ನೋಡುತ್ತೀಯ. ನೀರು ಎದ್ದಿತ್ತಾ, ಓಡಿಸುವವನ ಮುಖ ಕಂಡಿತಾ ಅಂತ ಅಲ್ಲೇ ಗೊತ್ತಾಗುತ್ತದೆ. ಬಲಗಣ್ಣು ಕಿಟಕಿಗೆ ಇಟ್ಟು ಎಡಗಣ್ಣು ತೆರೆದೇ ಇಡು. ಕ್ಯಾಮೆರಾದ ಪಕ್ಕದಿಂದ ಆ ಕಣ್ಣಿಗೆ ಕರೆಯ ಉದ್ದ ಕಾಣುತ್ತದೆ, ಜೋಡಿ ಬರುವುದು ಮೊದಲೇ ತಿಳಿಯುತ್ತದೆ.

ಒಂದು ಓಟಕ್ಕೆ ಒಂದೇ ಫೋಟೋ, ಅದನ್ನು ಒಪ್ಪಿಕೊಂಡೇ ಬಾ. ನಿನ್ನ ಕ್ಯಾಮೆರಾದಲ್ಲಿ ಫಿಲ್ಮ್ ಮುಂದೆ ಸರಿಸಲು ಮೇಲಿನ ಗುಂಡಿ ತಿರುಗಿಸಬೇಕು. ಅದನ್ನು ತಿರುಗಿಸುವಷ್ಟರಲ್ಲಿ ಕೋಣ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿರುತ್ತದೆ. ಈಗಿನ ಫಿಲ್ಮ್ ರೇಟು ನೋಡಿದರೆ ಅದೂ ಒಳ್ಳೆಯದೇ ಅನ್ನು. ಇನ್ನೊಂದು, ಶಟರ್ ವೇಗ ಬದಲಿಸುವುದಿದ್ದರೆ ಆ ಗುಂಡಿ ತಿರುಗಿಸಿ ಆದಮೇಲೆಯೇ ಬದಲಿಸು. ಮೊದಲೇ ಡಯಲ್ ತಿರುಗಿಸಿದರೆ ಒಳಗಿನ ಯಂತ್ರ ಕೆಡಬಹುದು. ಶಟರಿನ ಪರದೆ ಬಟ್ಟೆಯದ್ದು, ಲೆನ್ಸಿಗೆ ಮುಚ್ಚಳ ಹಾಕದೆ ಸೂರ್ಯನ ಕಡೆ ಮುಖ ಮಾಡಿ ನೇತುಹಾಕಿಕೊಂಡರೆ ತೂತು ಸುಡುತ್ತದೆ.

ನಾನು ನಿನಗೆ ತೋರಿಸಬೇಕು ಅಂದುಕೊಂಡಿರುವುದು ಕನೆ ಹಲಗೆ ಅನ್ನುವ ವಿಭಾಗ. ಹಗ್ಗ, ನೇಗಿಲು ಅನ್ನುವ ವಿಭಾಗಗಳೆಲ್ಲ ವೇಗದ ಸ್ಪರ್ಧೆ. ಕನೆ ಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಹಾರಿತು ಅನ್ನುವುದೇ ಲೆಕ್ಕ. ಓಡಿಸುವವನು ಹಲಗೆಯ ಮೇಲೆ ನಿಂತಿರುತ್ತಾನೆ, ಹಲಗೆಯ ತೂತುಗಳಿಂದ ಕೆಸರು ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಮೇಲೆ ಬಿಳಿ ಬಟ್ಟೆ ಕಟ್ಟಿರುತ್ತಾರೆ, ಅದೇ ನಿಶಾನೆ. ಕೋಲು ಅನ್ನುವ ಅಳತೆಯಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರ. ನೀರು ಬಟ್ಟೆಗೆ ತಾಗಿದರೆ ಜನ ಕೂಗುವ ಕೂಗು ನೀನೇ ಕೇಳಬೇಕು. ನಮಗೆ ಇದಕ್ಕಿಂತ ಏನು ಬೇಕು ಹೇಳು? ಫೋಟೋ ಎಲ್ಲಿ ಆಗುತ್ತದೆ ಅಂತ ಬಟ್ಟೆ ಕಟ್ಟಿ ತೋರಿಸಿದ್ದಾರೆ. ಕ್ಯಾಮೆರಾ ಉದ್ದಕ್ಕೆ ಹಿಡಿ, ಕೆಳಗೆ ಕೋಣ, ಮೇಲೆ ನಿಶಾನೆ, ಎರಡೂ ಫ್ರೇಮಿನಲ್ಲಿ ಇರಲಿ. ಸಂಜೆ ಬಿಸಿಲು ನೀರಿನ ಹಿಂದಿನಿಂದ ಬರುವ ಕಡೆ ನಿಂತರೆ ಹನಿ ಹನಿಯೂ ಬೇರೆಬೇರೆ ಕಾಣುತ್ತದೆ.

ಬೆಳಕಿನ ಬಗ್ಗೆ ಒಂದೇ ಮಾತು. ಫ್ರೇಮ್ ತುಂಬ ಕರಿ ಕೋಣ ಇದ್ದರೆ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ, ಎಲ್ಲ ಬೆಳ್ಳಗೆ ಮಾಡಿಬಿಡುತ್ತದೆ. ಅದೇ ಬಿಸಿಲಿಗೆ ನಿನ್ನ ಅಂಗೈ ಹಿಡಿದು ಅಳೆದು, ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು, ಕೊಡು. ಐಎಸ್‌ಒ 400ರ ಕಪ್ಪು-ಬಿಳುಪು ಫಿಲ್ಮ್, ಎಚ್‌ಪಿ5 ಅಥವಾ ಟ್ರೈ-ಎಕ್ಸ್, ಯಾವುದಾದರೂ ನಡೆಯುತ್ತದೆ. ರಾತ್ರಿ ಫ್ಲಡ್‌ಲೈಟಿನಲ್ಲಿ ಅದನ್ನೇ 1600 ಅಂತ ಲೆಕ್ಕ ಹಿಡಿದು, ಆಮೇಲೆ ಡೆವಲಪ್ ಮಾಡುವಾಗ ಹೊತ್ತು ಹೆಚ್ಚಿಸಿದರಾಯಿತು. ಕಾಳು ಕಾಳು ಬರುತ್ತದೆ, ಬರಲಿ. ಕೆಸರಿಗೆ ಅದು ಒಪ್ಪುತ್ತದೆ.

ಈಗಿನ ಕಂಬಳದ ಫೋಟೋಗಳಲ್ಲಿ ಬಹಳಷ್ಟು ಒಂದೇ ಥರ ಅಲ್ವಾ? ಉದ್ದ ಲೆನ್ಸ್, ಎದುರಿನಿಂದ ಎರಡು ಕೋಣದ ಮುಖ, ಸಿಡಿದ ನೀರು, ಹಿಂದಿನದೆಲ್ಲ ಕರಗಿ ಹೋಗಿರುತ್ತದೆ. ಚೆನ್ನಾಗಿಯೇ ಇರುತ್ತವೆ. ಆದರೆ ಅದು ಮೂಡುಬಿದಿರೆಯೋ ಬೆಂಗಳೂರಿನ ಅರಮನೆ ಮೈದಾನವೋ ಹೇಳುವ ಹಾಗಿಲ್ಲ. ನಿನ್ನ 50 ಎಂಎಂನಲ್ಲಿ ಕೋಣದ ಹಿಂದೆ ಊರು ಉಳಿಯುತ್ತದೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕೊಂಬು ಊದುವವರು, ಕೆಸರು ಹಾರಿತು ಅಂತ ಮುಖ ತಿರುಗಿಸಿದ ಅಜ್ಜಿ. ನನಗೆ ಕಂಬಳ ಅಂದರೆ ಅದು.

ಮಳೆಗಾಲದಲ್ಲಿ ಕೈ ಸುಮ್ಮನಿರದಿದ್ದರೆ ಬೆಂಗಳೂರಲ್ಲೇ ಕಬಡ್ಡಿ ಹುಡುಕು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಷ್ಟೇ. ಎಲ್ಲರೂ ಪಕ್ಕದಲ್ಲಿ ನಿಲ್ಲುತ್ತಾರೆ. ನೀನು ರೈಡರ್‌ನ ತಂಡದ ಬೆನ್ನ ಹಿಂದೆ, ಕೊನೆಗೆರೆಯ ಆಚೆ ಕುಕ್ಕರಗಾಲಿನಲ್ಲಿ ಕೂರು. ಮಧ್ಯಗೆರೆ ನಿನಗೆ ಅಡ್ಡಕ್ಕೆ, ಸುಮಾರು 8 ಮೀಟರ್ ದೂರದಲ್ಲಿ ಇರುತ್ತದೆ. ಎಫ್/2 ತೆರೆದಿಟ್ಟರೂ ಅಲ್ಲಿ ಮೂರು ಮೀಟರ್ ಆಳ ಸ್ಪಷ್ಟವಾಗಿ ಸಿಗುತ್ತದೆ. ಹಿಡಿದವರನ್ನೆಲ್ಲ ಎಳೆದುಕೊಂಡು ಗೆರೆಗೆ ಕೈ ಚಾಚುವ ರೈಡರ್‌ನ ಮುಖ ನೇರ ನಿನ್ನ ಕಡೆಗೇ ಇರುತ್ತದೆ.

ಕಂಬಳ ನವೆಂಬರಿನಿಂದ ಶುರು. ಶನಿವಾರ ಬೆಳಿಗ್ಗೆಯೇ ಇಲ್ಲಿರುವ ಹಾಗೆ ಬಾ, ಭಾನುವಾರದವರೆಗೂ ನಡೆಯುತ್ತದೆ. ಲೆನ್ಸಿಗೆ ಒಂದು ಯುವಿ ಫಿಲ್ಟರ್ ಹಾಕಿಕೋ, ಒರೆಸಲು ಹಳೆಯ ಬನಿಯನ್ ಬಟ್ಟೆ ಇರಲಿ, ಬಿಳಿ ಪ್ಯಾಂಟ್ ಬೇಡ. ಮಂಜೊಟ್ಟಿಯ ಏರಿನ ಕಡೆ ಮಾತ್ರ ನಿಲ್ಲಬೇಡ, ಕೋಣಗಳು ಓಡಿದ ರಭಸಕ್ಕೆ ಅಲ್ಲಿಗೇ ನುಗ್ಗುತ್ತವೆ. ಡೆವಲಪ್ ಮಾಡುವ ಡಬ್ಬಿ, ಡಿ-76 ಡೆವಲಪರ್ ಎರಡೂ ನನ್ನ ಹತ್ತಿರ ಇದೆ. ಫಿಲ್ಮ್ ಮಾತ್ರ ನೀನೇ ತರಬೇಕು, ಇಲ್ಲಿ ಸಿಗುವುದಿಲ್ಲ. ನನಗೂ ಎರಡು ರೋಲ್ ತಾ, ದುಡ್ಡು ಆಮೇಲೆ ಕೊಡುತ್ತೇನೆ.

ಇಂತಿ ನಿನ್ನ
ಮಂಗಳೂರಿನ ಗೆಳೆಯ