ಹತ್ತು ಪೌಂಡಿನ ಕಾರ್ಖಾನೆ

ಮೈಸೂರು

ಚಿ|| ಅನುಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿಯ ಸಮಾಚಾರವೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನೆ. ನಾನು ಬರೆಯಲು ಕೂತದ್ದು ನಿನ್ನ ಪತ್ರದ ಕೊನೆಯ ಸಾಲಿಗಾಗಿ. 'ನಮ್ಮ ಕಾರು ಕಂಪನಿ ಇನ್ನೊಬ್ಬರ ಕೈಗೆ ಹೋದರೆ ನಾನು ಕಲಿತದ್ದು ಯಾರಿಗಾದರೂ ಬೇಕಾಗುತ್ತಾ ದೊಡ್ಡಪ್ಪ?' ಮೂರು ದಿನದಿಂದ ಅದು ತಲೆಯೊಳಗೆ ಕೊರೆಯುತ್ತಿದೆ.

ಈ ಮಾತನ್ನು ನನ್ನ ಹತ್ತಿರ ಮೊದಲು ಕೇಳಿದವಳು ನೀನಲ್ಲ. 2000ನೇ ಇಸವಿ, ಜರ್ಮನಿಯ ಬಿಎಂಡಬ್ಲ್ಯುದವರು ಇಂಗ್ಲೆಂಡಿನ ರೋವರ್ ಕಾರು ಕಂಪನಿಯನ್ನು ಕೈಬಿಟ್ಟ ವರ್ಷ. ಲ್ಯಾಂಡ್‌ರೋವರ್ ಫೋರ್ಡಿಗೆ ಹೋಯಿತು. ಹೊಸ ಮಿನಿ ಕಾರನ್ನು ತಮಗೇ ಇಟ್ಟುಕೊಂಡು ಅದರ ಲೈನನ್ನು ಆಕ್ಸ್‌ಫರ್ಡಿನ ಕೌಲಿಗೆ ಸಾಗಿಸಿದರು. ಉಳಿದ ರೋವರ್, ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಡ್ಜ್ ಕಾರ್ಖಾನೆ ಸಮೇತ, ಹತ್ತು ಪೌಂಡಿಗೆ ಬೇರೆಯವರ ಪಾಲಾಯಿತು. ಹತ್ತು ಪೌಂಡು, ಅನು. ನಾನಾಗ ಲಾಂಗ್‌ಬ್ರಿಡ್ಜಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ಪಕ್ಕದ ಮೆಷಿನ್ನಿನ ಹುಡುಗ, ನಿನ್ನದೇ ವಯಸ್ಸು, ಕೌಲಿ ಕಡೆ ಕೆಲಸವಿದೆ, ಹೋಗಲೇ ಎಂದ. ಹರ್ಬರ್ಟ್ ಆಸ್ಟಿನ್ 1905ರಲ್ಲಿ ಶುರುಮಾಡಿದ ಜಾಗ, ಎಷ್ಟು ಧಣಿಗಳನ್ನು ಕಂಡಿದೆ, ಇದೂ ಕಳೆಯುತ್ತದೆ, ಇಲ್ಲೇ ಇರು ಎಂದೆ. ನನ್ನ ಮಾತು ನಂಬಿ ಉಳಿದ. ಮನೆಸಾಲವನ್ನೂ ಮಾಡಿದ. 2005ರ ಏಪ್ರಿಲಿನಲ್ಲಿ ಆ ಹತ್ತು ಪೌಂಡಿನ ಕಂಪನಿ, ಎಂಜಿ ರೋವರ್, ಮುಳುಗಿತು. ಒಳಗಿದ್ದ ಸುಮಾರು 6,000 ಮಂದಿಯ ಕೆಲಸ ಹೋಯಿತು, ನಮ್ಮಂಥ ಹೊರಗಿನವರ ಲೆಕ್ಕ ಬೇರೆ. ಕ್ಷಮೆ ಕೇಳಬೇಕೆಂದು ಎರಡು ಸಲ ಅವನ ಬೀದಿಯ ತನಕ ಹೋಗಿ ಹಿಂದಿರುಗಿದೆ. ಬಾಗಿಲು ತಟ್ಟಲಿಲ್ಲ.

ಅದಕ್ಕೇ ನಿನಗೆ ಧೈರ್ಯ ಹೇಳಲು ಭಯ.

ಕಲಿತದ್ದು ಬೇಕಾಗುತ್ತಾ ಎಂದೆಯಲ್ಲ. ಮಾಲೀಕರು ಬದಲಾಗಿಯೇ ಎಲ್ಲ ಹಾಳಾಯಿತೆಂದು ಬಹುಕಾಲ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. 1968ರಲ್ಲಿ ಆಸ್ಟಿನ್, ಮಾರಿಸ್, ಟ್ರಯಂಫ್, ರೋವರ್, ಜಾಗ್ವಾರ್ ಕಾರು ಕಂಪನಿಗಳೆಲ್ಲವನ್ನೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸೂರಿನಡಿ ತಂದರು. ಸೂರು ಒಂದಾಯಿತು, ಒಲೆ ಒಂದಾಗಲಿಲ್ಲ. ರೋವರಿನವರೂ ಟ್ರಯಂಫಿನವರೂ ಒಂದೇ ಗಿರಾಕಿಗೆ ಎರಡು ಕಾರು ಮಾಡುತ್ತ ಕೂತರು. ಮುಷ್ಕರಗಳು ಬೇರೆ. 1975ರಲ್ಲಿ ಸರ್ಕಾರವೇ ಕೈಗೆ ತೆಗೆದುಕೊಳ್ಳಬೇಕಾಯಿತು. ಆಮೇಲೆ ಯಾರು ಬಂದರೂ, ಹೊಸ ಮಾಡೆಲ್ಲಿಗೆ ದುಡ್ಡು ಹಾಕಿದ ಕಡೆ ಕೆಲಸ ಉಳಿಯಿತು. ಕೌಲಿಯಲ್ಲಿ ಉಳಿಯಿತು. 2008ರಲ್ಲಿ ಟಾಟಾದವರು ಫೋರ್ಡಿಗೆ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಲ್ಯಾಂಡ್‌ರೋವರ್ ಕೊಂಡ ಮೇಲೆ ಅದರ ಕಾರ್ಖಾನೆಯಿರುವ ಸೋಲಿಹಲ್‌ನಲ್ಲೂ ಉಳಿಯಿತು. ಹಾಗಾಗಿ ಮುಂದಿನ ಕಾರು ಯಾವ ಊರಿನ ಲೈನಿಗೆ ಬರುತ್ತದೆಂದು ವಿಚಾರಿಸು. ಕೊಂಡವರ ಹೆಸರಿಗಿಂತ ಅದು ಮುಖ್ಯ ಅಂತ ನನ್ನ ಅಂದಾಜು, ಅಷ್ಟೇ.

ನಮ್ಮ ಅಂಬಾಸಡರನ್ನೇ ನೋಡು. ಕೌಲಿಯ ಮಾರಿಸ್ ಆಕ್ಸ್‌ಫರ್ಡ್ ತಾನೇ ಅದು. ಬ್ರಿಟನ್ನಿನಲ್ಲಿ ಮಾರಿಸ್ ಕಾರುಗಳು 1984ರಲ್ಲೇ ನಿಂತವು, ಬಂಗಾಳದ ಉತ್ತರಪಾಡದಲ್ಲಿ 2014ರವರೆಗೂ ಇದು ತಯಾರಾಗುತ್ತಿತ್ತು. ಹೀಗೆ ಬರೆದು ನಿನಗೆ ಸಮಾಧಾನ ಹೇಳೋಣವೆಂದುಕೊಂಡೆ. ಆದರೆ ಕಾರು ಉಳಿಯುತ್ತಾ ಎಂದು ನೀನು ಕೇಳಲಿಲ್ಲ. ನಿನ್ನ ಗತಿ ಏನೆಂದು ಕೇಳಿದೆ.

ನನ್ನದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ವರ್ಕ್‌ಶಾಪು ಮುಚ್ಚಿ ಏಳು ತಿಂಗಳು ಮನೆಯಲ್ಲಿದ್ದೆ. ಕೊನೆಗೆ ಆಸ್ಪತ್ರೆ ಮಂಚ ಮಾಡುವವರು ಕರೆದರು, ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಹಿಡಿಯಲು ಬರುತ್ತದೆಂಬ ಒಂದೇ ಕಾರಣಕ್ಕೆ. ಕಲಿತದ್ದು ಬೇಕಾಯಿತು, ಅರ್ಧ ಸಂಬಳಕ್ಕೆ. ನಿಮ್ಮ ದೊಡ್ಡಮ್ಮ ಆ ದಿನಗಳನ್ನು ಹೇಗೆ ತೂಗಿಸಿದಳೋ, ಒಂದು ಸಲವೂ ನಾನು ಕೇಳಲಿಲ್ಲ.

ಬ್ಯಾಟರಿ ವಿಭಾಗಕ್ಕೆ ಹಾಕುತ್ತೇವೆಂದರೆ ಬೇಡ ಎನ್ನಬೇಡ. ಪಿಂಚಣಿ ಕಾಗದಗಳನ್ನು ಕೂತು ಓದು, ನಾನು ಓದಿರಲಿಲ್ಲ. ಮನೆಸಾಲದ ವಿಷಯ... ನಾನು ಹೇಳಬಾರದೇನೋ, ಆದರೂ ಆರು ತಿಂಗಳು ತಡೆದರೆ ನನಗೆ ನಿದ್ದೆ ಬರುತ್ತದೆ. ಮತ್ತೆ, ಬೇರೆ ಊರಿಂದ ಯಾರಾದರೂ ಕೆಲಸಕ್ಕೆ ಕರೆದರೆ ನನ್ನನ್ನು ಕೇಳುತ್ತ ಕೂರಬೇಡಮ್ಮ. ಹೋಗಿ ನೋಡಿಕೊಂಡು ಬಾ. ಆ ಹುಡುಗನಿಗೂ ಅಷ್ಟು ಹೇಳಿದ್ದರೆ ಸಾಕಿತ್ತು.

ಇಂತಿ,
ನಿನ್ನ ದೊಡ್ಡಪ್ಪ